ಕಾಲಿಗೂ ಒಂದು ಅಮಾವಾಸ್ಯೆ

ನಿನ್ನೆ ಬೆಳಿಗ್ಗೆ ನಾನು ಮಗ್ಗದ ಗುಂಡಿಯಿಂದ ಎದ್ದು ಬಂದೆ. ಯಾರ ಕೈಯೂ ಹಿಡಿಯಲಿಲ್ಲ, ಹಗ್ಗ ಹಿಡಿಯಲಿಲ್ಲ, "ಅಯ್ಯೋ ತಾಯಿ ಚೌಡಮ್ಮಾ" ಎಂದು ದೇವರನ್ನು ಕೂಗಲೂ ಇಲ್ಲ. ಒಂದು ಸಲ ಅಲ್ಲ, ಮೂರು ಸಲ! ಅರವತ್ತೆಂಟು ವರ್ಷದ ಮೊಣಕಾಲು ಇಟ್ಟುಕೊಂಡು, ಮಗ, ಸೊಸೆ, ಮೊಮ್ಮಗಳು ಮೂವರೂ ನಿಂತು ನೋಡುತ್ತಿರುವಾಗ ಎದ್ದು ಬಂದೆ. ಇನ್ನು ಗುಂಡಿ ಮುಚ್ಚುವುದಿಲ್ಲ. ಮಗ್ಗ ಬಿಚ್ಚುವುದಿಲ್ಲ. ಇವತ್ತು ಬರಬೇಕಾಗಿದ್ದ ಮೇಸ್ತ್ರಿಗೆ ಮಗನೇ ಫೋನ್ ಮಾಡಿ ಬರಬೇಡ ಅಂದಿದ್ದಾನೆ.

ಈ ಸಂತೋಷ ನನ್ನ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಹಾಲಿನವನಿಗೆ ಹೇಳಿದೆ. ಎದುರು ಮನೆಯವಳಿಗೆ ಎರಡು ಸಲ ಹೇಳಿದೆ. ಇನ್ನು ಹೇಳಲು ಜನ ಇಲ್ಲದ್ದರಿಂದ ಮೊಮ್ಮಗಳ ಹಳೆಯ ನೋಟುಬುಕ್ಕಿನಲ್ಲಿ ಉಳಿದ ಹಾಳೆಗಳಿಗೆ ಹೇಳುತ್ತಿದ್ದೇನೆ. ಇವತ್ತು ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮ ನೇಕಾರ ಜನ ಮಗ್ಗ ಮುಟ್ಟುವುದಿಲ್ಲ, ಹಾಗಾಗಿ ಕೈಗೆ ಕೆಲಸವೂ ಇಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು, ತಾಳವಾಡಿ ಕಡೆಯ ತವರಿನಲ್ಲಿ, ಕನ್ನಡ ಸ್ಕೂಲಿನಲ್ಲಿ. ಮದುವೆಯಾಗಿ ಸೇಲಂ ಹತ್ತಿರದ ತಾರಮಂಗಲಕ್ಕೆ ಬಂದ ಮೇಲೆ ಕನ್ನಡ ಬಾಯಲ್ಲಿ ಉಳಿಯಿತು, ಕಣ್ಣಿಗೆ ಬೀಳುವ ಬೋರ್ಡೆಲ್ಲ ತಮಿಳಾಯಿತು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಗುಂಡಿ ಮಗ್ಗ ನೋಡಿಲ್ಲದವರಿಗೆ ಮೊದಲು ಅದನ್ನು ಹೇಳಿಬಿಡುತ್ತೇನೆ. ನೆಲದಲ್ಲಿ ಸೊಂಟದುದ್ದ ಆಳದ ಗುಂಡಿ ಇರುತ್ತದೆ. ಅದರ ಅಂಚಿನಲ್ಲಿ ಕೂತು ಕಾಲನ್ನು ಒಳಗೆ ಬಿಡಬೇಕು. ಕೆಳಗೆ ತುಳಿಯುವ ಹಲಗೆಗಳು, ಮೇಲೆ ಎದೆಯ ಮುಂದೆ ನೂಲಿನ ಹಾಸು. ಕಾಲು ತುಳಿಯುತ್ತಿದ್ದಂತೆ ಕೈ ಲಾಳಿ ಎಸೆಯುತ್ತದೆ. ಎದೆಯ ಮುಂದೆ ಮರದ ದಿಂಡು ಅಡ್ಡ ಇರುವುದರಿಂದ ಕುರ್ಚಿಯಿಂದ ಎದ್ದ ಹಾಗೆ ನೇರವಾಗಿ ಏಳಲು ಆಗುವುದಿಲ್ಲ. ಎರಡು ಅಂಗೈಯನ್ನೂ ನೆಲಕ್ಕೆ ಊರಿ, ಮೈಯನ್ನು ಮೇಲಕ್ಕೆತ್ತಿ, ಒಂದು ಕಾಲು ಗುಂಡಿಯೊಳಗಿನ ಮೆಟ್ಟಿಲಿಗಿಟ್ಟು, ಪಕ್ಕಕ್ಕೆ ತಿರುಗಿ ಹೊರಗೆ ಬರಬೇಕು. ಹದಿನೆಂಟು ವಯಸ್ಸಿನಲ್ಲಿ ಇದನ್ನು ಬಸುರಿಯಾಗಿ ಮಾಡಿದ್ದೇನೆ, ಬಾಣಂತಿಯಾಗಿ ಮಾಡಿದ್ದೇನೆ, ಮಗು ಅತ್ತರೆ ದಿನಕ್ಕೆ ಇಪ್ಪತ್ತು ಸಲ ಮಾಡಿದ್ದೇನೆ. ಎದ್ದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಮೂರು ಮಗ್ಗ ಇದ್ದವು. ಯಜಮಾನರು ಹೋದ ಮೇಲೆ ಒಂದು ಹೋಯಿತು. ಮಗ ನೇಯಲು ಕೂರದೆ ಶಂಕಗಿರಿಯಲ್ಲಿ ಲಾರಿ ಬುಕಿಂಗ್ ಆಫೀಸು ಸೇರಿದ ಮೇಲೆ ಇನ್ನೊಂದು ಹೋಯಿತು. ಉಳಿದದ್ದು ನನ್ನದು. ಅದರಲ್ಲಿ ಬಿಳಿ ರೇಷ್ಮೆ ಪಂಚೆ ನೇಯುತ್ತೇನೆ. ಅದರ ಕೂಲಿಯಿಂದ ಮನೆ ನಡೆಯಬೇಕಾಗಿಲ್ಲ, ಮಗ ಚೆನ್ನಾಗಿಯೇ ದುಡಿಯುತ್ತಾನೆ. ಆದರೆ ಬೆಳಿಗ್ಗೆ ಕಾಫಿ ಕುಡಿದು ಆ ಗುಂಡಿಗೆ ಕಾಲು ಇಳಿಬಿಟ್ಟ ಕೂಡಲೇ ನನಗೆ ಒಂದು ಸಮಾಧಾನ ಆಗುತ್ತದೆ. ಅದನ್ನು ಹೇಗೆ ಬರೆಯಬೇಕೋ ಗೊತ್ತಿಲ್ಲ. ಹೊಲದವನಿಗೆ ಮಣ್ಣು ಮೆಟ್ಟಿದರೆ ಆಗುವ ಹಾಗೆ ಅಂದುಕೊಳ್ಳಿ.

ಅಂಥ ಗುಂಡಿಯಲ್ಲಿ ತಮಿಳರ ಚಿತ್ರೆ ತಿಂಗಳ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ನಾನು ಸಿಕ್ಕಿಕೊಂಡೆ. ಮನೆಯಲ್ಲಿ ಯಾರೂ ಇರಲಿಲ್ಲ. ಮಗ ಶಂಕಗಿರಿಯಲ್ಲಿ, ಎಂಟನೇ ಕ್ಲಾಸಿನ ಮೊಮ್ಮಗಳು ಗೆಳತಿಯ ಮನೆಯಲ್ಲಿ, ಸೊಸೆ ಜಿಮ್ಮಿನಲ್ಲಿ. ನೀರು ಕುಡಿಯಲು ಏಳೋಣ ಎಂದು ಕೈ ಊರಿದೆ. ಮೈ ಏಳಲಿಲ್ಲ. ಮತ್ತೆ ಊರಿದೆ. ತೊಡೆ ಗಡಗಡ ನಡುಗಿತು, ಸೊಂಟ ಅಲ್ಲೇ ಕೂತಿತು. ಎಷ್ಟು ಸಲ ಹಾಗೆ ಮಾಡಿದೆನೋ. ಕೊನೆಗೆ ಕೂಗಿದೆ, ಬೀದಿಯಲ್ಲಿ ಪವರ್‌ಲೂಮಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಎರಡು ಗಂಟೆ ಹಾಗೇ ಕೂತಿದ್ದೆ. ಲಾಳಿ ಕೈಯಲ್ಲೇ ಇದ್ದರೂ ಒಂದು ಎಳೆ ನೇಯಲಿಲ್ಲ.

ಸೊಸೆ ಬಂದಳು. ಬಾಗಿಲಲ್ಲೇ ನೋಡಿ ಅವಳಿಗೆ ಗೊತ್ತಾಯಿತು. ಚೀಲ ಬಿಸಾಡಿ, ಹಿಂದಿನಿಂದ ಬಂದು, ನನ್ನ ಎರಡೂ ಕಂಕುಳಿಗೆ ಕೈ ಹಾಕಿ, "ಅತ್ತೆ, ಉಸಿರು ಬಿಡಿ" ಅಂದಳು. ಬಿಟ್ಟೆ. ನೂಲಿನ ಮೂಟೆ ಎತ್ತಿದ ಹಾಗೆ ಎತ್ತಿ ಪಕ್ಕಕ್ಕಿಟ್ಟಳು!

ಇಲ್ಲಿ ನಾನೊಂದು ನಿಜ ಒಪ್ಪಿಕೊಳ್ಳಬೇಕು. ಆ ಜಿಮ್ಮಿಗೆ ಹೋಗುವುದಕ್ಕೆ ಅವಳನ್ನು ನಾನು ಆಡಿಕೊಂಡದ್ದು ಸ್ವಲ್ಪವಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಬಂದು ಡಾಕ್ಟರು ವ್ಯಾಯಾಮ ಮಾಡು ಅಂದಿದ್ದರು. ನಡೆದರೆ ಸಾಲದೇ? ಬಸ್ ಸ್ಟ್ಯಾಂಡ್ ಹತ್ತಿರ ದಿನಸಿ ಅಂಗಡಿಯ ಮೇಲಿನ ಮಹಡಿಯಲ್ಲಿ ಹೆಂಗಸರಿಗೆಂದೇ ಮಧ್ಯಾಹ್ನ ಜಿಮ್ಮು ನಡೆಯುತ್ತದೆಂದು ಅಲ್ಲಿಗೆ ಸೇರಿದಳು. ನಲವತ್ತೈದರ ಹೆಂಗಸು, ಚೂಡಿದಾರ ಹಾಕಿಕೊಂಡು, ಕಬ್ಬಿಣ ಎತ್ತಲು ಹೋಗುವುದನ್ನು ನೋಡಿ ಒಂದು ದಿನ ಕೇಳಿಯೇಬಿಟ್ಟೆ.

"ಏನಮ್ಮಾ, ಕಬ್ಣ ಎತ್ತಿ ಎತ್ತಿ ಶಂಕಗಿರಿಲಿ ಗಂಡನ ಲಾರಿ ಎಳೀತೀಯಾ?"

"ಎಳದ್ರೆ ಡೀಸಲ್ ಉಳೀತೈತೆ ಬಿಡಿ ಅತ್ತೆ" ಅಂದು ಚಪ್ಪಲಿ ಮೆಟ್ಟಿ ಹೋದಳು.

ಆ ಕಬ್ಬಿಣ ಎತ್ತಿದ ಕೈಯೇ ನನ್ನನ್ನು ಎತ್ತಿತು. ಅವಳು ಅದನ್ನು ಆಡಿ ತೋರಿಸಲಿಲ್ಲ. ಮಜ್ಜಿಗೆ ತಂದು ಕೊಟ್ಟು ಕಾಲು ಒತ್ತಿದಳು. ಆಡಿದ್ದರೆ ಚೆನ್ನಾಗಿತ್ತು, ನನಗೆ ಜಗಳವಾದರೂ ಸಿಗುತ್ತಿತ್ತು.

ಮಗನಿಗೆ ವಿಷಯ ತಿಳಿಯಿತು. ಅವನು ಬೈಯುವ ಜಾತಿಯವನಲ್ಲ, ಕೆಲಸ ಮಾಡುವ ಜಾತಿಯವನು. ಮಾರನೇ ದಿನವೇ ಮೂರು ಮೂಟೆ ಮರಳು, ಎರಡು ಮೂಟೆ ಸಿಮೆಂಟು ಜಗಲಿಯ ಮೇಲೆ ಬಂದು ಕೂತವು. ಅಷ್ಟರ ತನಕ ಇರಲಿ ಎಂದು ತೊಲೆಯಿಂದ ಒಂದು ಹಗ್ಗವನ್ನೂ ಇಳಿಬಿಟ್ಟ, ನಾನು ಹಿಡಿದು ಏಳಲು.

"ಮಗ್ಗ ಬಿಚ್ಚಿ ಗುಂಡಿ ಮುಚ್ಚಿ ಟೈಲ್ಸ್ ಆಕ್ತೀನಿ ಅವ್ವಾ. ಅಲ್ಲೊಂದು ಕಟ್ಲು ಆಕ್ಕೊಡ್ತೀನಿ. ಫ್ಯಾನ್ ಕೆಳಗೆ ಮಲಕ್ಕೊಂಡು ಟೀವಿ ನೋಡು."

"ಮಲಗಕ್ಕೆ ನಂಗೇನಾಗೈತೆ?"

"ಏನಾಗೈತಾ? ನಿನ್ನೆ ಇವ್ಳು ಬರ್ದೆ ಇದ್ದಿದ್ರೆ?"

ಅವನ ಕಣ್ಣು ಕೆಂಪಾಗಿತ್ತು. ಹೆದರಿದ್ದ, ಪಾಪ. ಮೇಸ್ತ್ರಿಗೆ ಬರುವ ಅಮಾವಾಸ್ಯೆಗೆ ಬಾ ಎಂದಿದ್ದ, ಆ ದಿನ ಹೇಗೂ ಮಗ್ಗ ಆಡುವುದಿಲ್ಲವಲ್ಲ. ಆಗ ಸೊಸೆ ಅಡುಗೆ ಮನೆಯಿಂದಲೇ ಅಂದಳು: "ಮೂರು ಅಮಾಸೆ ಟೈಮ್ ಕೊಡ್ರಿ. ನಾನು ಅತ್ತೇನ ಎಬ್ಬಿಸ್ತೀನಿ. ಆಗ್ಲಿಲ್ಲಾಂದ್ರೆ ಮುಚ್ಚಿ."

ಮಗ ಯೋಚಿಸಿದ. ಲಾರಿ ಬಾಡಿಗೆ ಮಾತಾಡಿ ಅಭ್ಯಾಸವಿರುವವನು, ಷರತ್ತು ಹಾಕದೆ ಬಿಡುತ್ತಾನೆಯೇ? ಒಂದು ಹೊತ್ತು ಪೂರ್ತಿ ನೇಯ್ದು, ಕಾಲು ಜೋಮು ಹಿಡಿದಿರುವಾಗ ಏಳಬೇಕು. ಕೈ ಕೊಡುವವರಿಲ್ಲ, ಹಗ್ಗವಿಲ್ಲ. ಮೂರು ಸಲ. ನಾನು ಆಯಿತು ಅಂದೆ. ಮೇಸ್ತ್ರಿ ಬರುವ ದಿನ ಮೂರನೇ ಅಮಾವಾಸ್ಯೆಗೆ ಹೋಯಿತು. ಆಗದಿದ್ದರೆ? ಐವತ್ತು ವರ್ಷ ಕಾಲು ಇಳಿಬಿಟ್ಟ ಜಾಗದ ಮೇಲೆ ಮಂಚ ಹಾಕಿಕೊಂಡು ಮಲಗಬೇಕು.

ಮೊದಲು ಡಾಕ್ಟರ ಹತ್ತಿರ ಹೋದೆವು. ಮೊಣಕಾಲಿನ ಫೋಟೋ ತೆಗೆದು, ಎಲುಬು ವಯಸ್ಸಿಗೆ ತಕ್ಕ ಹಾಗೆ ಇದೆ, ಸುತ್ತಲಿನ ಮಾಂಸ ಕರಗಿಹೋಗಿದೆ, ಪ್ರೆಶರ್ ಮಾತ್ರೆ ಬಿಡದೆ ತಗೊಂಡು ನಿಧಾನವಾಗಿ ಬಲ ಬೆಳೆಸಿಕೊಳ್ಳಿ ಅಂದರು. ಆಮೇಲೆ ಸೊಸೆ ನನ್ನನ್ನು ಜಿಮ್ಮಿಗೇ ಕರೆದುಕೊಂಡು ಹೋದಳು. ಸುತ್ತ ಕನ್ನಡಿ. ನನ್ನನ್ನೇ ಅಷ್ಟು ದೊಡ್ಡದಾಗಿ ನಾನು ಯಾವತ್ತೂ ನೋಡಿರಲಿಲ್ಲ. ಕಲಿಸುವವಳು ಹರೂರಿನ ಹುಡುಗಿ, ಮಾತೆಲ್ಲ ತಮಿಳು. ನನ್ನ ತೋಳು ಮುಟ್ಟಿ ನೋಡಿ, "ಅಜ್ಜೀ, ಕೈ ನೇಯ್ದು ನೇಯ್ದು ಗಟ್ಟಿ ಇದೆ, ತೊಡೆಗೇ ಬಲ ಇಲ್ಲ" ಎಂಬ ಅರ್ಥದಲ್ಲಿ ಏನೋ ಹೇಳಿ ನಕ್ಕಳು. ಮನೆಯಲ್ಲೇ ಮಾಡುವಂಥದ್ದನ್ನು ತೋರಿಸಿಕೊಟ್ಟಳು.

ಮೊದಲ ಪಾಠ ಸ್ಟೂಲಿನ ಮೇಲೆ ಕೂರುವುದು, ಏಳುವುದು. ಇಷ್ಟೇನಾ ಎಂದು ನಕ್ಕೆ. ಕೈ ಎದೆಗೆ ಕಟ್ಟಿಕೊಂಡು ಆರನೇ ಸಲಕ್ಕೆ ನಗು ನಿಂತಿತು. ಆಮೇಲೆ ಗೋಡೆಗೆ ಕೈ ಊರಿ ಮೈಯನ್ನು ತಳ್ಳುವುದು. ಮೆಟ್ಟಿಲು ಹತ್ತಿ ಇಳಿಯುವುದು. ಸ್ಟೂಲಿನ ಅಂಚಿಗೆ ಅಂಗೈ ಊರಿ ಸೊಂಟ ಎತ್ತುವುದು. ಭಾರ ಎತ್ತಲು ಕಬ್ಬಿಣ ಎಲ್ಲಿಂದ ತರುವುದು? ಸೊಸೆ ಜಗಲಿಯ ಮೇಲಿನ ಮರಳು ಮೂಟೆ ಬಿಚ್ಚಿದಳು. ಹಳೆಯ ಪಂಚೆ ಹರಿದು ಚೀಲ ಹೊಲಿದು, ಎರಡು ಕಿಲೋ, ಮೂರು ಕಿಲೋ, ಐದು ಕಿಲೋ ಮರಳು ತುಂಬಿ ಬಾಯಿ ಕಟ್ಟಿದಳು. ನನ್ನ ಗುಂಡಿ ಮುಚ್ಚಲು ಬಂದ ಮರಳನ್ನೇ ಎದೆಗೆ ಅವುಚಿಕೊಂಡು ನಾನು ಕೂತು ಎದ್ದೆ, ಕೂತು ಎದ್ದೆ.

ಮಗ ಒಂದು ಬೆಳಿಗ್ಗೆ ಮೂಟೆ ನೋಡಿ, "ಮರಳು ಎಲ್ಲೋಯ್ತು?" ಎಂದು ಕೇಳಿದ.

"ಪಾಟಿ ಸಾಪ್ಟುಟ್ಟಾಂಗ" ಅಂದಳು ಮೊಮ್ಮಗಳು. ಅಜ್ಜಿ ತಿಂದುಬಿಟ್ಟಳಂತೆ! ಆ ಹುಡುಗಿಗೆ ನಾವು ಕನ್ನಡದಲ್ಲಿ ಕೇಳಿದ್ದೆಲ್ಲ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ತಮಿಳು. ನನ್ನ ಎಣಿಕೆ ಅವಳದ್ದೇ. ಒಣ್ಣು, ರೆಂಡು, ಮೂಣು ಎಂದು ಎಣಿಸುತ್ತಾ, ನಾನು ಪೂರ್ತಿ ಕೂರದೆ ಎದ್ದರೆ ಅದನ್ನು ಬಿಟ್ಟು ಮತ್ತೆ ಹಿಂದಿನ ಅಂಕಿಯನ್ನೇ ಹೇಳುತ್ತಿದ್ದಳು. ನೇಕಾರರ ಸೊಸೈಟಿಯಲ್ಲಿ ಪಂಚೆ ಪರೀಕ್ಷೆ ಮಾಡುವವನೂ ಅಷ್ಟು ಖಡಕ್ಕಲ್ಲ.

ಇಷ್ಟರಲ್ಲಿ ನಾನೊಂದು ದಡ್ಡತನ ಮಾಡಿದೆ. ನೇಕಾರರಿಗಲ್ಲದೆ ಬೇರೆಯವರಿಗೆ ಆ ದಡ್ಡತನ ಬರುವುದಿಲ್ಲ. ನಮ್ಮದು ತುಂಡಿನ ಕೂಲಿ. ಎಷ್ಟು ನೇಯ್ದೆವೋ ಅಷ್ಟು. ಹಬ್ಬ ಹತ್ತಿರ ಬಂದರೆ ಹಗಲನ್ನು ಎರಡೂ ಕಡೆ ಎಳೆದು ಉದ್ದ ಮಾಡಿಕೊಂಡು ಒಂದು ಪಂಚೆ ಜಾಸ್ತಿ ನೇಯುವವರು ನಾವು. ಬಲವೂ ಹಾಗೇ ಅಂದುಕೊಂಡೆ. ಸೊಸೆ ಹತ್ತು ಹತ್ತರಂತೆ ಮೂರು ಸಲ ಮಾಡಿ, ಒಂದು ದಿನ ಬಿಟ್ಟು ಒಂದು ದಿನ ಮಾಡಿ ಅಂದಿದ್ದಳು. ಹೀಗೆ ಬಿಟ್ಟು ಬಿಟ್ಟು ಮಾಡಿದರೆ ಮೂರು ಅಮಾವಾಸ್ಯೆಯಲ್ಲಿ ಏನು ಮುಗಿಯುತ್ತದೆ? ಅವಳು ಸಂತೆಗೆ ಹೋದ ಹೊತ್ತಿನಲ್ಲಿ ಐದು ಕಿಲೋ ಚೀಲ ಅವುಚಿಕೊಂಡು ನೂರು ಸಲ ಕೂತೆದ್ದೆ. ಮಾರನೇ ದಿನ ಮತ್ತೆ ನೂರು. ಮೂರನೇ ದಿನ ಚಾಪೆಯಿಂದ ಏಳಲು ಆಗಲಿಲ್ಲ. ಕಕ್ಕಸಿಗೆ ಹೋಗಲು ಗೋಡೆ ಹಿಡಿದು ಹೋದೆ. ಗುಂಡಿ ದೂರದ ಮಾತು, ಹೊಸ್ತಿಲು ದಾಟುವುದೇ ಬೆಟ್ಟವಾಯಿತು.

ಮಗ ನನ್ನನ್ನೂ ಹೆಂಡತಿಯನ್ನೂ ಒಂದೊಂದು ಸಲ ನೋಡಿ, ಜಗಲಿಯ ಸಿಮೆಂಟು ಮೂಟೆಯ ಧೂಳು ಕೊಡವಿ ಕೆಲಸಕ್ಕೆ ಹೋದ. ಅದನ್ನು ನೋಡಿ ಸೊಸೆಗೆ ರೇಗಿತು.

"ಎಷ್ಟು ಮಾಡಿದ್ರಿ ಅತ್ತೆ? ನಿಜ ಯೋಳಿ."

"ಅಂಗೇ ಒಂದೈವತ್ತು."

"ಅತ್ತೇ!"

"ನೂರು. ಎರಡು ದಿವ್ಸ."

ತಲೆ ಮೇಲೆ ಕೈ ಹೊತ್ತು ಕೂತಳು. ಆಮೇಲೆ ಎಣ್ಣೆ ಬಿಸಿ ಮಾಡಿ ತಂದು ನನ್ನ ತೊಡೆಗೆ ಹಚ್ಚುತ್ತಾ, ನಿಧಾನವಾಗಿ ಕೇಳಿದಳು: "ಮಗ್ಗ ಮರ. ಅದುಕ್ಕೆ ಉಸ್ರಿಲ್ಲ. ಅದುಕ್ಕೂ ಅಮಾಸೆ ರಜಾ ಬಿಡ್ತೀರಾ. ಈ ಕಾಲ್ಗೆ ಉಸ್ರೈತೆ. ಇದ್ಕೆ ಅಮಾಸೆ ಬೇಡ್ವಾ?"

"ತಿಂಗ್ಳಿಗೊಂದು ಅಮಾಸೆ ಸರಿ ಕಣಮ್ಮಾ. ನೀನು ದಿನಾ ಬಿಟ್ಟು ದಿನಾ ಅಮಾಸೆ ಅಂತೀಯಲ್ಲ!"

"ಎತ್ತಿದ ದಿವ್ಸ ಮಾಂಸ ಸವೀತೈತೆ, ಕುಂತ ದಿವ್ಸ ಬೆಳೀತೈತೆ. ಆ ಅರೂರಿನ ಉಡ್ಗಿ ಯೋಳಿದ್ದು ಮರೆತ್ರಾ?"

ಕೂತ ದಿನ ಬೆಳೆಯುತ್ತದೆ! ಅರವತ್ತೆಂಟು ವರ್ಷ ಬದುಕಿದ್ದೇನೆ, ಕೂತವರಿಗೆ ಏನಾದರೂ ಬೆಳೆಯುತ್ತದೆ ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಒಂದು ವಾರ ಹೋಯಿತು ನನ್ನ ದಡ್ಡತನಕ್ಕೆ. ಆಮೇಲೆ ಅವಳು ಕ್ಯಾಲೆಂಡರಿನಲ್ಲಿ ಒಂದು ದಿನ ಬಿಟ್ಟು ಒಂದು ದಿನಕ್ಕೆ ಕಪ್ಪು ಚುಕ್ಕೆ ಇಟ್ಟಳು. ಆ ದಿನ ನಾನು ಚೀಲ ಮುಟ್ಟುವಂತಿಲ್ಲ. ಮೊಟ್ಟೆ ತಿನ್ನಬೇಕು, ಹುರುಳಿ ತಿನ್ನಬೇಕು, ಹಲ್ಲು ನೋಯುತ್ತದೆ ಎಂದು ಕಾಫಿಗೆ ಬ್ರೆಡ್ಡು ಅದ್ದಿ ತಿಂದು ಮುಗಿಸುವಂತಿಲ್ಲ.

ಎರಡನೇ ಅಮಾವಾಸ್ಯೆ ಕಳೆದ ಮೇಲೆ ಹರೂರಿನಲ್ಲಿ ನೆಂಟರ ಮದುವೆ ಬಂತು. ಸೇಲಂನಲ್ಲಿ ಬಸ್ಸು ಬದಲಿಸಬೇಕು. ಆ ಬಸ್ಸಿನ ಮೊದಲ ಮೆಟ್ಟಿಲು ಗೊತ್ತಲ್ಲ, ಮೊಣಕಾಲಿಗಿಂತ ಎತ್ತರ. ಎರಡು ವರ್ಷದಿಂದ ನನ್ನನ್ನು ಯಾರಾದರೂ ಮೇಲಿನಿಂದ ಎಳೆಯಬೇಕು, ಯಾರಾದರೂ ಕೆಳಗಿನಿಂದ ತಳ್ಳಬೇಕು. ಕಂಡಕ್ಟರು "ಬೇಗ ಏರು ಪಾಟೀ" ಎಂದು ಬೇಸರದಲ್ಲಿ ಕೈ ಚಾಚಿದ. ನಾನು ನನ್ನ ಚೀಲವನ್ನು ಅವನ ಕೈಗೆ ಕೊಟ್ಟು, ಒಂದೇ ಸಲಕ್ಕೆ ಹತ್ತಿ, ಒಳಗೆ ನಿಂತು ಚೀಲ ವಾಪಸು ಕೇಳಿದೆ. ಅವನ ಮುಖ ನೋಡಬೇಕಿತ್ತು! ಮದುವೆ ಮನೆಯಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು ಕುರ್ಚಿ ಹುಡುಕುತ್ತಿದ್ದರು. ನಾನು ಚಾಪೆಯ ಮೇಲೆ ಕೂತು ಹೂ ಕಟ್ಟಿದೆ, ಎದ್ದೆ, ಮತ್ತೆ ಕೂತೆ. ಬೇಕೆಂದೇ ಎದ್ದೆ ಅನ್ನುವುದನ್ನೂ ಬರೆದುಬಿಡುತ್ತೇನೆ.

ಆದರೆ ಗುಂಡಿಯ ಮಾತೇ ಬೇರೆ. ಅಲ್ಲಿ ಹಗ್ಗ ಹಿಡಿದೇ ಏಳುತ್ತಿದ್ದೆ. ಬಿಟ್ಟು ಏಳಲು ಹೊರಟರೆ ಅವತ್ತಿನ ಮಧ್ಯಾಹ್ನ ನೆನಪಾಗಿ ತೊಡೆ ತಾನಾಗಿ ನಡುಗುತ್ತಿತ್ತು. ಹಗ್ಗವಿಲ್ಲದೆ ಒಮ್ಮೊಮ್ಮೆ ಬಂದೆ, ಒಮ್ಮೊಮ್ಮೆ ಬರಲಿಲ್ಲ. ಹಾಗೆಯೇ ಮೂರನೇ ಅಮಾವಾಸ್ಯೆಯ ಹಿಂದಿನ ದಿನ ಬಂದುಬಿಟ್ಟಿತು. ಅದೇ ನಿನ್ನೆ.

ಮಗ ಶಂಕಗಿರಿಗೆ ಅರ್ಧ ದಿನ ರಜ ಹೇಳಿದ್ದ. ಮೊಮ್ಮಗಳಿಗೆ ಸ್ಕೂಲಿಲ್ಲದ ಶನಿವಾರ. ಬೆಳಿಗ್ಗೆ ಬೇಗ ಗುಂಡಿಗೆ ಇಳಿದು ಮೂರು ಗಂಟೆ ನೇಯ್ದೆ. ಲಾಳಿಯೊಳಗಿನ ಕೊನೆಯ ಕಂಡಿಕೆಯ ನೂಲು ಮುಗಿದಾಗ ಮಂಡಿಯಿಂದ ಕೆಳಗೆ ಇರುವೆ ಹರಿದ ಹಾಗೆ ಜೋಮು. ಮೂವರೂ ಬಂದು ನಿಂತರು. ಉಸಿರು ಬಿಟ್ಟೆ, ಎದ್ದೆ, ಬಂದೇ ಬಂದೆ!

"ಇದು ಲೆಕ್ಕಕ್ಕಿಲ್ಲ" ಅಂದ ಮಗ. "ಅಗ್ಗ ಇಡ್ಕೊಂಡೆ ನೀನು."

ನೋಡಿದರೆ ನನ್ನ ಎಡಗೈಯಲ್ಲಿ ಹಗ್ಗ ಇತ್ತು. ಮೂರು ತಿಂಗಳ ಅಭ್ಯಾಸ, ಕೈ ನನ್ನನ್ನು ಕೇಳದೆ ಹೋಗಿ ಹಿಡಿದಿತ್ತು. ಮೊಮ್ಮಗಳು ಅಪ್ಪನ ಮೇಲೆ ಏರಿ ಹೋದಳು, ಮುಟ್ಟಿದ್ದಷ್ಟೇ, ಎಳೆಯಲಿಲ್ಲ ಎಂದು. ಸೊಸೆ ನನ್ನನ್ನೇ ನೋಡುತ್ತಿದ್ದಳು.

"ಅವ್ನು ಯೋಳಿದ್ದು ಸರಿ ಕಣೇ" ಅಂದೆ. "ಲೇ ಮಗಾ, ಆ ಅಗ್ಗ ಬಿಚ್ಚು ಕಣ್ಲಾ."

"ಬಿಚ್ಚೋದಾ? ಬಿದ್ದೋದ್ರೆ?"

"ಬಿಚ್ಚು ಅಂದೆ."

ಸ್ಟೂಲು ಹತ್ತಿ ಬಿಚ್ಚಿದ. ನಾನು ಮತ್ತೆ ಇಳಿದು ಕಾಲು ಬಿಟ್ಟೆ. ತಲೆಯ ಮೇಲೆ ಹಿಡಿಯಲು ಏನೂ ಇಲ್ಲ. ಹೆದರಿಕೆ ಇಲ್ಲವೆಂದರೆ ಸುಳ್ಳಾಗುತ್ತದೆ. ಕಾಲಿನ ಬೆರಳು ಮಡಿಸಿ ಬಿಡಿಸಿ ಜೋಮು ಓಡಿಸಿದೆ. ಎರಡು ಅಂಗೈ ಊರಿದೆ, ಬಲಗಾಲನ್ನು ಮೆಟ್ಟಿಲಿಗೆ ಒತ್ತಿದೆ. ತೊಡೆ ನಡುಗಿತು. ನಡುಗಿಕೊಂಡೇ ಎತ್ತಿತು! ನಡುಗುವುದಕ್ಕೂ ಎತ್ತುವುದಕ್ಕೂ ಜಗಳವಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಹೊರಗೆ ಬಂದು ನಿಂತೆ. "ಒಣ್ಣು" ಅಂದಳು ಮೊಮ್ಮಗಳು. ಇಳಿದೆ, ಬಂದೆ. "ರೆಂಡು." ಮೂರನೆಯದಕ್ಕೆ ಸ್ವಲ್ಪ ಕೂತು ಉಸಿರು ತಗೊಂಡೆ, ಕೂರುವುದಕ್ಕೇನೂ ಷರತ್ತಿರಲಿಲ್ಲ. "ಮೂಣು!" ಎಂದು ಆ ಹುಡುಗಿ ಕೂಗಿದ್ದು ಎದುರು ಮನೆಗೂ ಕೇಳಿಸಿತಂತೆ. ಸೊಸೆ ನನ್ನನ್ನು ಅಪ್ಪಿಕೊಂಡಳು. ಅವಳು ಮನೆಗೆ ಬಂದು ಇಪ್ಪತ್ತು ವರ್ಷ, ನಾವಿಬ್ಬರೂ ಅಪ್ಪಿಕೊಂಡದ್ದು ಇದೇ ಮೊದಲು.

ಮಗ ಗುಂಡಿಯ ಹತ್ತಿರ ಬಗ್ಗಿ ನೋಡಿದ. "ಅಷ್ಟೇನು ಕಷ್ಟ ಇಲ್ಲ ಬಿಡು" ಅಂದ, ನಗುತ್ತಾ.

"ಅಂಗಾ? ಇಳೀರಿ ಮತ್ತೆ" ಅಂದಳು ಅವನ ಹೆಂಡತಿ.

ಇಳಿದ. ಐವತ್ತರ ಹತ್ತಿರದ ಮಗ, ಕುರ್ಚಿಯಲ್ಲಿ ಕೂತು ಕೂತು ಬೆಳೆದ ಹೊಟ್ಟೆ, ಎದುರಿನ ಮರದ ದಿಂಡಿಗೆ ತಾಗಿ ಕೂತಿತು. ಕೈ ಊರಿದ, ಮುಖ ಕೆಂಪಾಯಿತು, ಸೊಂಟ ನಾಲ್ಕು ಬೆರಳು ಎದ್ದು ಧೊಪ್ಪೆಂದು ಕೂತಿತು. ಮತ್ತೆ ಊರಿದ. ಮೊಮ್ಮಗಳು ಸೊನ್ನೆ, ಸೊನ್ನೆ ಎಂದು ಎಣಿಸಿದಳು. ಕೊನೆಗೆ, "ಅವ್ವಾ, ಕೈ ಕೊಡವ್ವಾ" ಅಂದ. ನಾನೊಂದು ಕಡೆ, ಸೊಸೆಯೊಂದು ಕಡೆ ಹಿಡಿದು ಎಳೆದೆವು. ಹೊರಗೆ ಬಂದವನು ನೆಲದ ಮೇಲೇ ಕೂತು, ಜೇಬಿನಿಂದ ಫೋನ್ ತೆಗೆದು ಮೇಸ್ತ್ರಿಗೆ ಮಾಡಿದ. "ನಾಳೆ ವೇಣ್ಡಾಂ ಮೇಸ್ತ್ರಿ. ಕುಳಿ ಇರುಕ್ಕಟ್ಟುಂ" ಅಂದ. ಬೇಡ ಮೇಸ್ತ್ರಿ, ಗುಂಡಿ ಇರಲಿ ಎಂದು. ಫೋನ್ ಇಟ್ಟು, ಮನೆಯಲ್ಲಿ ಒಬ್ಬಳೇ ಇರುವಾಗ ಇಳಿಯಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡ. ಕೊಟ್ಟೆ. ಅದು ನ್ಯಾಯವೇ.

ದಿನಾ ರಾತ್ರಿ ಯಾವಾಗಲೋ ಬಂದು ಒಬ್ಬನೇ ಉಣ್ಣುವ ಮಗ ನಿನ್ನೆ ಇನ್ನೂ ಬೆಳಕಿರುವಾಗಲೇ ಮನೆಗೆ ಬಂದ, ಕೈಯಲ್ಲಿ ಮೊಮ್ಮಗಳ ಆಸೆಯ ತಟ್ಟುವಡೆ ಸೆಟ್ಟಿನ, ಅಂದರೆ ನಡುವೆ ಚಟ್ನಿ ಹಚ್ಚಿದ ಜೋಡಿ ನಿಪ್ಪಟ್ಟಿನ, ಪೊಟ್ಟಣ. ಸೊಸೆ ರಾಗಿ ಮುದ್ದೆ ತಿರುವಿದ್ದಳು, ಹುರುಳಿ ಸಾರು, ನುಗ್ಗೆ ಸೊಪ್ಪಿನ ಪಲ್ಯ, ಮೊಟ್ಟೆ. ಮಗ್ಗದ ಪಕ್ಕದ ನೆಲ ಗುಡಿಸಿ ನಾಲ್ವರೂ ಸುತ್ತ ಕೂತೆವು, ಸೊಸೆಯೂ ಆಮೇಲೆ ಉಣ್ಣುತ್ತೇನೆ ಅನ್ನದೆ ನಮ್ಮ ಜೊತೆಗೇ ಕೂತಳು. ಮಗ ಜಿಮ್ಮಿನಲ್ಲಿ ಗಂಡಸರಿಗೆ ಎಷ್ಟು ಹೊತ್ತಿಗೆ ಎಂದು ಕೇಳಿದ. ಅವಳು ಮೊದಲು ಸ್ಟೂಲಿಂದ ಎದ್ದು ತೋರ್ಸಿ ಅಂದಳು. ಮುದ್ದೆ ಬಿಸಿ ಇತ್ತು, ಬೆರಳು ಸುಟ್ಟಿತು, ಸಾರಿಗೆ ಅದ್ದಿ ನುಂಗಿದೆ. ಒಂದಾದ ಮೇಲೆ ಇನ್ನೊಂದು ಮುದ್ದೆ ಹಾಕಿಸಿಕೊಂಡೆ.